ಡಿಜಿಟಲ್ ಕೃಷ್ಯುಪದೇಶದಲ್ಲಿ ಅಧಿಕಾರಿವಿಚಾರ: ಮನಗೂಳಿ ಸೀಮೆಯ ಹೆಣ್ಣುಮಕ್ಕಳನ್ನೂ ತರುಣ ಸಣ್ಣ ರೈತರನ್ನೂ ಕುರಿತು

ಉಪಕ್ರಮ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ಸ್ಥಳವಲ್ಲ. ಪೂರ್ವದಲ್ಲಿ ತರ್ದವಾಡಿ ನಾಡಿಗೆ ಸೇರಿದ್ದ ಈ ಊರಿನ ಶಾಸನಗಳನ್ನು ಡಾ. ಫ್ಲೀಟರು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಪ್ರಕಟಿಸಿರುವರು. ಅವುಗಳ ಪೈಕಿ ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1161ರ ಶಾಸನದಲ್ಲಿ ಕೌಮಾರ ವ್ಯಾಕರಣವನ್ನು ಪಾಠ ಹೇಳುವವರಿಗಾಗಿ ಭೂಮಿಯನ್ನು ದತ್ತಿಬಿಟ್ಟ ಸಂಗತಿಯು ಉಕ್ತವಾಗಿದೆ. ಹೊಲದ ಬೆಳೆಯು ವಿದ್ಯೆಯನ್ನು ಪೋಷಿಸಿತೆಂಬುದಕ್ಕೆ ಇದೊಂದು ಸಾಕ್ಷಿ. ಈಗಿನ ಕಾಲದಲ್ಲಿ ಇದಕ್ಕೆ ಪ್ರತಿಯಾಗಿ ವಿದ್ಯೆಯೇ ಹೊಲವನ್ನು ಪೋಷಿಸಬೇಕೆಂಬ ಉದ್ದೇಶದಿಂದ, ಮಳೆ, ಬೀಜ, ಗೊಬ್ಬರ, ರೋಗ, ಧಾರಣೆ ಮುಂತಾದ ವಿಷಯಗಳ ಉಪದೇಶವು ಮೊಬೈಲ್ ದೂರವಾಣಿಯ ಮೂಲಕ ಹಳ್ಳಿಹಳ್ಳಿಗೂ ಬರುತ್ತಿದೆ. ಇದನ್ನೇ ಡಿಜಿಟಲ್ ಕೃಷ್ಯುಪದೇಶವೆಂದು ಕರೆಯುವರು.

ಕೌಮಾರ ವ್ಯಾಕರಣಕ್ಕೆ ಕಾತಂತ್ರವೆಂದೂ ಹೆಸರುಂಟು. ಅದರ ಉತ್ಪತ್ತಿಯನ್ನು ಕುರಿತು ಸೋಮದೇವನ ಕಥಾಸರಿತ್ಸಾಗರದಲ್ಲಿ ಒಂದು ಕಥೆಯಿದೆ. ಸಾತವಾಹನ ರಾಜನು ರಾಣಿಯರೊಡನೆ ಜಲಕ್ರೀಡೆಯಾಡುತ್ತಿರಲು, ಒಬ್ಬ ರಾಣಿಯು ನೀರಿನಿಂದ ಹೊಡೆಯಬೇಡವೆಂಬ ಅರ್ಥದಲ್ಲಿ ಸಂಸ್ಕೃತದಲ್ಲಿ ನುಡಿದಳು. ಬೇಡವೆಂಬ ಪದವೂ ನೀರೆಂಬ ಪದವೂ ಸಂಧಿಯಾಗಿ ‘ಮೋದಕ’ದಂತೆ ಕೇಳಿಸಿದುದರಿಂದ ರಾಜನು ಕಡುಬುಗಳನ್ನು ತರಿಸಿದನು. ರಾಣಿಯು ನಕ್ಕಳು, ರಾಜನು ನಾಚಿದನು. ಅವನಿಗೆ ವ್ಯಾಕರಣವನ್ನು ಕಲಿಸಲು ಆರು ವರ್ಷ ಬೇಕೆಂದು ಗುಣಾಢ್ಯನು ಹೇಳಲು, ಆರು ತಿಂಗಳಲ್ಲಿ ಕಲಿಸುವೆನೆಂದು ಶರ್ವವರ್ಮನು ಪ್ರತಿಜ್ಞೆಮಾಡಿ, ಕುಮಾರಸ್ವಾಮಿಯ ಅನುಗ್ರಹದಿಂದ ಈ ಸುಲಭ ವ್ಯಾಕರಣವನ್ನು ಪಡೆದನಂತೆ. ಕಥೆಯು ಕಥೆಯೇ ಆದರೂ ಅದರಲ್ಲಿ ಎರಡು ತತ್ತ್ವಗಳಿವೆ. ಮಾತು ಶುದ್ಧವಾಗಿದ್ದರೂ ಕೇಳುವವನಿಗೆ ತಿಳಿಯದಿದ್ದರೆ ಅದು ವಿಪರೀತ ಫಲವನ್ನು ಕೊಡುವುದೆಂಬುದು ಒಂದು. ಶಾಸ್ತ್ರವನ್ನು ಕೇಳುವವನ ಅಳತೆಗೆ ತಕ್ಕಂತೆ ಕಡೆದುಕೊಳ್ಳಬೇಕೆಂಬುದು ಇನ್ನೊಂದು.

ನಮ್ಮ ಶಾಸ್ತ್ರಕಾರರು ಯಾವ ಗ್ರಂಥದ ಆರಂಭದಲ್ಲಿಯಾದರೂ ಅನುಬಂಧಚತುಷ್ಟಯವನ್ನು ಹೇಳುವುದು ವಾಡಿಕೆ. ವಿಷಯವೇನು, ಅಧಿಕಾರಿ ಯಾರು, ಸಂಬಂಧವೆಂಥದು, ಪ್ರಯೋಜನವೇನು ಎಂಬ ಈ ನಾಲ್ಕು ಸ್ಪಷ್ಟವಾಗದೆ ಶಾಸ್ತ್ರವು ಪ್ರವರ್ತಿಸಲಾರದು. ಇಲ್ಲಿ ‘ಅಧಿಕಾರಿ’ ಶಬ್ದವನ್ನು ಗಮನಿಸಬೇಕು. ಇಂದಿನ ವ್ಯವಹಾರದಲ್ಲಿ ಕೃಷಿ ಅಧಿಕಾರಿಯೆಂದರೆ ಉಪದೇಶವನ್ನು ಕೊಡುವ ಸರ್ಕಾರಿ ನೌಕರನು. ಶಾಸ್ತ್ರದಲ್ಲಿ ಅಧಿಕಾರಿಯೆಂದರೆ ಉಪದೇಶವನ್ನು ಪಡೆಯಲು ಯೋಗ್ಯನಾದ ಶ್ರೋತೃ. ಡಿಜಿಟಲ್ ಕೃಷ್ಯುಪದೇಶದಲ್ಲಿ ಮೊದಲನೆಯ ಅರ್ಥದ ಅಧಿಕಾರಿಯ ವಿಚಾರವು ಬೇಕಾದಷ್ಟು ನಡೆದಿದೆ. ಎರಡನೆಯ ಅರ್ಥದ ಅಧಿಕಾರಿಯ ವಿಚಾರವು ನಡೆಯಬೇಕಾದಷ್ಟು ನಡೆದಿಲ್ಲ. ಹೆಣ್ಣುಮಕ್ಕಳಿಗೂ ತರುಣ ಸಣ್ಣ ರೈತರಿಗೂ ಈ ಉಪದೇಶವು ಫಲಿಸದಿರುವುದಕ್ಕೆ ಯಂತ್ರದ ಕೊರತೆಗಿಂತ ಅಧಿಕಾರಿನಿರ್ಣಯದ ದೋಷವೇ ಮುಖ್ಯ ಕಾರಣವೆಂಬುದು ಈ ಲೇಖನದ ಪ್ರತಿಪಾದ್ಯ.

ವಿಷಯ

ಕೃಷ್ಯುಪದೇಶವು ಕನ್ನಡಕ್ಕೆ ಹೊಸತಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಕ್ರಿ.ಶ. 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಭೂಗತ ಜಲದ ಶೋಧನೆ, ವೃಕ್ಷಾಯುರ್ವೇದ ಮುಂತಾದವು ನಿರೂಪಿತವಾಗಿವೆ. ಸಂಸ್ಕೃತದಲ್ಲಿದ್ದ ವಿದ್ಯೆಯನ್ನು ಲೋಕದ ಉಪಯೋಗಕ್ಕಾಗಿ ಕನ್ನಡಕ್ಕೆ ಇಳಿಸಿದ ಪ್ರಯತ್ನಗಳಲ್ಲಿ ಅದು ಗಣ್ಯವಾದುದು. ಮನಗೂಳಿಯ ಸೀಮೆಯಲ್ಲಿಯೇ ಆಧುನಿಕ ಕೃಷಿಶೋಧನೆಗೆ ತೊಂಬತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. 1933ರಲ್ಲಿ ಆಗಿನ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ಈಗ ಅದು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಎರೆಭೂಮಿಯಲ್ಲಿ ಮುಂಗಾರಿನ ನೀರನ್ನು ಚೌಕುಮಡಿಗಳಲ್ಲಿ ತಡೆದು ಇಂಗಿಸುವುದು, ಹಿಂಗಾರಿ ಜೋಳದ ಬೀಜವನ್ನು ಗಟ್ಟಿಗೊಳಿಸಿ ಬಿತ್ತುವುದು ಮುಂತಾದ ಕ್ರಮಗಳು ಇಂಥ ಶೋಧನೆಯ ಫಲಗಳಾಗಿವೆ.

ಈ ವಿದ್ಯೆಯನ್ನು ರೈತನಿಗೆ ಮುಟ್ಟಿಸುವ ಮಾರ್ಗಗಳು ಕಾಲಕಾಲಕ್ಕೆ ಬದಲಾಗಿವೆ. ಮೊದಲು ಗ್ರಾಮಸೇವಕರ ಮಾತು, ಅನಂತರ ರೇಡಿಯೋ. ಧಾರವಾಡದ ಆಕಾಶವಾಣಿ ಕೇಂದ್ರವು 1950ರಲ್ಲಿ ಆರಂಭವಾದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಈ ಭಾಗದ ದನಿಯಲ್ಲಿಯೇ ಬೇಸಾಯದ ಮಾತು ಕೇಳಿಬಂದಿತು. 2004ರ ಜನವರಿಯಲ್ಲಿ ಕೇಂದ್ರ ಸರ್ಕಾರವು ‘ಕಿಸಾನ್ ಕಾಲ್ ಸೆಂಟರ್’ ಎಂಬ ದೂರವಾಣಿ ಕೇಂದ್ರಗಳನ್ನು ತೆರೆದಿತು. 1800-180-1551 ಎಂಬ ಶುಲ್ಕರಹಿತ ಸಂಖ್ಯೆಗೆ ಕರೆಮಾಡಿದವರಿಗೆ ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ. 2019ರಲ್ಲಿ ಹವಾಮಾನ ಇಲಾಖೆಯು ‘ಮೇಘದೂತ’ವೆಂಬ ಮೊಬೈಲ್ ತಂತ್ರಾಂಶವನ್ನು ಬಿಡುಗಡೆಮಾಡಿತು. ಯಕ್ಷನ ಮೇಘವು ಒಬ್ಬಳಿಗೆ ಸಂದೇಶವನ್ನು ಒಯ್ಯಿತು; ಈ ಮೇಘದೂತವು ಜಿಲ್ಲೆಜಿಲ್ಲೆಗೂ ಮಳೆಯ ಮುನ್ಸೂಚನೆಯನ್ನೂ ಬೆಳೆಯ ಸಲಹೆಯನ್ನೂ ಒಯ್ಯುತ್ತದೆ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ‘ವರುಣಮಿತ್ರ’ವೆಂಬ ಸಹಾಯವಾಣಿಯ ಮೂಲಕ ಮಳೆಗಾಳಿಗಳ ವರ್ತಮಾನವನ್ನು ಹೇಳುತ್ತ ಬಂದಿದೆ. 2023ರಲ್ಲಿ ಪ್ರಧಾನಮಂತ್ರಿ ಕಿಸಾನ್ ಯೋಜನೆಯ ಪ್ರಶ್ನೆಗಳಿಗೆ ಯಂತ್ರವೇ ಉತ್ತರಕೊಡುವ ‘ಕಿಸಾನ್ ಇ-ಮಿತ್ರ’ವು ಬಂದಿತು.

ವಿಷಯಕ್ಕೆ ಕೊರತೆಯಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಆದರೆ ರೇಡಿಯೋವಿಗೂ ಮೊಬೈಲಿಗೂ ಒಂದು ಭೇದವುಂಟು. ರೇಡಿಯೋ ಪಡಸಾಲೆಯಲ್ಲಿದ್ದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವವಳ ಕಿವಿಗೂ, ಮೂಲೆಯಲ್ಲಿ ಓದುತ್ತಿರುವ ಹುಡುಗನ ಕಿವಿಗೂ ಅದೇ ಮಾತು ಬೀಳುತ್ತಿತ್ತು. ಮೊಬೈಲಿನ ಮಾತಾದರೋ ಒಬ್ಬನ ಕಿಸೆಯೊಳಗಿದ್ದು ಒಬ್ಬನ ಕಿವಿಗೇ ಸಲ್ಲುತ್ತದೆ. ಆದುದರಿಂದ ಆ ಒಬ್ಬನು ಯಾರು ಎಂಬ ಪ್ರಶ್ನೆಯು ರೇಡಿಯೋವಿನ ಕಾಲದಲ್ಲಿ ಅಷ್ಟು ತೀಕ್ಷ್ಣವಾಗಿರಲಿಲ್ಲ. ಈಗ ಅದೇ ಮುಖ್ಯವಾಗಿದೆ.

ಅಧಿಕಾರಿ

ಈಗಿನ ವ್ಯವಸ್ಥೆಯಲ್ಲಿ ರೈತನೆಂದು ಗಣಿಸಲ್ಪಡುವವನು ಯಾರು? 2000ದ ಸುಮಾರಿನಲ್ಲಿ ಆರಂಭವಾದ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಈ ಸೀಮೆಯವರು ಪಹಣಿಯನ್ನು ‘ಉತಾರ’ ಎನ್ನುವರು. ಮುಂದೆ ‘ಫ್ರೂಟ್ಸ್’ ಎಂಬ ತಂತ್ರಾಂಶದಲ್ಲಿ ಉತಾರದ ಹೆಸರು, ಆಧಾರ್, ಬ್ಯಾಂಕಿನ ಖಾತೆ, ಮೊಬೈಲ್ ಸಂಖ್ಯೆಗಳು ಒಂದಕ್ಕೊಂದು ಜೋಡಿಸಲ್ಪಟ್ಟು ಪ್ರತಿಯೊಬ್ಬ ರೈತನಿಗೂ ಒಂದು ಗುರುತಿನ ಸಂಖ್ಯೆ ದೊರೆಯಿತು. ಸಹಾಯಧನದ ಹಂಚಿಕೆಯಲ್ಲಿ ಮೋಸವನ್ನು ತಡೆಯುವುದಕ್ಕೆ ಇದು ಉಪಯುಕ್ತವಾದ ಏರ್ಪಾಡೆಂಬುದರಲ್ಲಿ ಸಂಶಯವಿಲ್ಲ. ಆದರೆ ಉಪದೇಶವೂ ಇದೇ ಪಟ್ಟಿಯನ್ನು ಹಿಡಿದು ಹೋದರೆ ಉತಾರದಲ್ಲಿ ಹೆಸರುಳ್ಳವನೇ ಅಧಿಕಾರಿಯೆಂದು ತಾನಾಗಿ ನಿರ್ಣಯವಾಗುತ್ತದೆ. ಹೊಲದಲ್ಲಿ ಕೈಯಿಟ್ಟು ದುಡಿಯುವವರು ಯಾರೆಂಬುದನ್ನು ಉತಾರವು ಹೇಳಲಾರದು.

ಸಂಖ್ಯೆಗಳನ್ನು ನೋಡೋಣ. 2015-16ರ ಕೃಷಿಗಣತಿಯ ಪ್ರಕಾರ ಭಾರತದ ಹಿಡುವಳಿದಾರರಲ್ಲಿ ಸ್ತ್ರೀಯರು ನೂರಕ್ಕೆ 14ಕ್ಕಿಂತ ತುಸು ಕಡಿಮೆ. ಆದರೆ 2023-24ರ ಶ್ರಮಬಲದ ಸಮೀಕ್ಷೆಯಂತೆ ಗ್ರಾಮಗಳಲ್ಲಿ ದುಡಿಯುವ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 77 ಮಂದಿ ಕೃಷಿಯನ್ನೇ ನಂಬಿದವರು. ಪುರುಷರಲ್ಲಿ ಸುಮಾರು 49 ಮಂದಿ ಮಾತ್ರ. ದುಡಿಮೆಯಲ್ಲಿ ಹೆಣ್ಣಿನ ಪಾಲು ಹೆಚ್ಚಾಗಿಯೂ ದಾಖಲೆಯಲ್ಲಿ ಅವಳ ಹೆಸರು ವಿರಳವಾಗಿಯೂ ಇರುವುದು ಇದರಿಂದ ವ್ಯಕ್ತವಾಗುತ್ತದೆ. ಕಾಯಿದೆಯೇನೋ ಅವಳಿಗೆ ಅನುಕೂಲವಾಗಿದೆ: ಕರ್ನಾಟಕವು 1994ರಲ್ಲಿಯೂ ಇಡಿಯ ದೇಶವು 2005ರಲ್ಲಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟವು. ಆದರೆ ಕಾಯಿದೆಯ ಪುಟದಿಂದ ಉತಾರದ ಪುಟಕ್ಕೆ ಬರುವ ದಾರಿ ದೂರವಾದುದು. ಗಂಡನು ತೀರಿಕೊಂಡ ಮೇಲೆ ಪೌತಿ ಖಾತೆಯಾಗದೆ ಹೊಲವು ಸತ್ತವನ ಹೆಸರಿನಲ್ಲಿಯೇ ಉಳಿದಿದ್ದರೆ, ಬಿತ್ತಿ ಬೆಳೆಯುವ ವಿಧವೆಯು ಗಣಕಯಂತ್ರದ ದೃಷ್ಟಿಯಲ್ಲಿ ರೈತಳೇ ಅಲ್ಲ.

ತರುಣರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿ ಪ್ರಮಾಣವು 2015-16ರಲ್ಲಿ 1.36 ಹೆಕ್ಟೇರ್, ಎಂದರೆ ಮೂರೂಕಾಲು ಎಕರೆಯಿಂದ ಮೂರೂವರೆ ಎಕರೆಯ ಒಳಗೆ. ಇಂಥ ತುಂಡುಹೊಲವು ಅಜ್ಜನ ಅಥವಾ ತಂದೆಯ ಹೆಸರಿನಲ್ಲಿರುವಾಗ ಇಪ್ಪತ್ತೈದು ವರ್ಷದ ಮಗನು ರೆಂಟೆ ಹೊಡೆದರೂ ಪಟ್ಟಿಯಲ್ಲಿ ರೈತನಲ್ಲ. ಅವನು ನೆರೆಯವರ ಹೊಲವನ್ನು ಲಾವಣಿಗೆ ಹಿಡಿದರಂತೂ ಅವನ ಗುರುತು ಇನ್ನೂ ಮಾಯವಾಗುತ್ತದೆ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯು ನಿಷಿದ್ಧವಾದುದರಿಂದ ಇಂದಿನ ಲಾವಣಿಗಳೆಲ್ಲ ಬಾಯಿಮಾತಿನವು, ಬಾಯಿಮಾತಿಗೆ ದಾಖಲೆಯಿಲ್ಲ. ಗೇಣಿದಾರನ ರಕ್ಷಣೆಗಾಗಿ ಹುಟ್ಟಿದ ಕಾಯಿದೆಯು ಇಂದು ಗೇಣಿಗೆ ದುಡಿಯುವ ಬಡ ತರುಣನನ್ನು ಅದೃಶ್ಯನನ್ನಾಗಿ ಮಾಡಿರುವುದು ವಿಚಾರಾರ್ಹವಾದ ಸಂಗತಿ.

ಈ ಅಧಿಕಾರಿವಿಚಾರವು ನಮ್ಮ ಶಾಸ್ತ್ರಗಳಲ್ಲಿ ಹಿಂದೆಯೇ ಒಂದು ರೀತಿಯಲ್ಲಿ ನಡೆದಿದೆ. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಯಾಗದಲ್ಲಿ ಸ್ತ್ರೀಗೆ ಅಧಿಕಾರವುಂಟೋ ಇಲ್ಲವೋ ಎಂಬ ಪ್ರಶ್ನೆಯು ಬರುತ್ತದೆ. ಫಲವನ್ನು ಬಯಸುವವನಿಗೆ ಯಾಗವನ್ನು ವಿಧಿಸುವ ವಾಕ್ಯದಲ್ಲಿ ಪುಲ್ಲಿಂಗವಿರುವುದರಿಂದ ಪುರುಷನಿಗೇ ಅಧಿಕಾರವೆಂದು ಐತಿಶಾಯನನ ಪಕ್ಷ. ಅಲ್ಲಿಯ ಲಿಂಗವು ವಿವಕ್ಷಿತವಲ್ಲ, ಮನುಷ್ಯಜಾತಿಗೆ ಸಾಮಾನ್ಯವಾದುದು, ಆದುದರಿಂದ ಸ್ತ್ರೀಗೂ ಅಧಿಕಾರವುಂಟೆಂದು ಬಾದರಾಯಣನ ಪಕ್ಷ, ಅದೇ ಸಿದ್ಧಾಂತ. ಸ್ತ್ರೀಗೆ ಸ್ವಂತ ದ್ರವ್ಯವಿಲ್ಲವಲ್ಲವೇ ಎಂದು ಮರಳಿ ಆಕ್ಷೇಪಿಸಿದಾಗ, ಫಲದ ಬಯಕೆಯು ಇಬ್ಬರಿಗೂ ಸಮಾನವೆಂದೂ ದ್ರವ್ಯದಲ್ಲಿ ಅವಳಿಗೂ ಸ್ವಾಮ್ಯವುಂಟೆಂದೂ ಸಮಾಧಾನ ಹೇಳಲಾಗಿದೆ. ಅದೇ ಪಾದದಲ್ಲಿ ಮುಂದೆ ಶೂದ್ರನಿಗೆ ಯಾಗಾಧಿಕಾರವನ್ನು ನಿರಾಕರಿಸಿದುದೂ ಉಂಟು. ಆದುದರಿಂದ ಇಲ್ಲಿ ಗ್ರಾಹ್ಯವಾದುದು ಆ ಪಾದದ ಎಲ್ಲ ನಿರ್ಣಯಗಳಲ್ಲ, ಈ ಒಂದು ವಿಚಾರಕ್ರಮ ಮಾತ್ರ.

ಆ ಕ್ರಮವನ್ನು ಪ್ರಕೃತಕ್ಕೆ ಅನ್ವಯಿಸಿದರೆ ಸಾಮ್ಯವು ಆಶ್ಚರ್ಯಕರವಾಗಿದೆ. ಕೃಷಿಯ ಸಂದೇಶಗಳು ‘ರೈತ ಬಾಂಧವರೇ’ ಎಂದು ಆರಂಭವಾಗುವುದು ಎಲ್ಲರೂ ಬಲ್ಲ ವಾಡಿಕೆ. ಅದು ಐತಿಶಾಯನನ ಪುಲ್ಲಿಂಗ. ಉತಾರವಿಲ್ಲದವರಿಗೆ ನೋಂದಣಿಯಿಲ್ಲವೆಂಬುದು ದ್ರವ್ಯವಿಲ್ಲವೆಂಬ ಆಕ್ಷೇಪ. ಇವೆರಡಕ್ಕೂ ಸಮಾಧಾನವು ಒಂದೇ: ಬೆಳೆ ಕೆಟ್ಟರೆ ಯಾರ ಒಲೆ ಉರಿಯದೋ ಅವರೇ ಅಧಿಕಾರಿಗಳು. ಸ್ವಾಮ್ಯಕ್ಕೆ ಉತಾರವು ಪ್ರಮಾಣವಾಗಲಿ. ಉಪದೇಶಕ್ಕೆ ದುಡಿಮೆಯೇ ಪ್ರಮಾಣವಾಗತಕ್ಕದ್ದು.

ಸಂಬಂಧ

ಅಧಿಕಾರಿಯು ನಿರ್ಣೀತನಾದರೂ ಉಪದೇಶಕ್ಕೂ ಅವನಿಗೂ ಸಂಬಂಧವು ಏರ್ಪಡದೆ ಫಲವಿಲ್ಲ. ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಹಿಂಗಾರಿ ಜೋಳದ ಬೀಜವನ್ನು ಬಿತ್ತುವ ಮೊದಲು, ಲೀಟರ್ ನೀರಿಗೆ 20 ಗ್ರಾಂನಂತೆ ಕ್ಯಾಲ್ಸಿಯಂ ಕ್ಲೋರೈಡನ್ನು ಕರಗಿಸಿದ ದ್ರಾವಣದಲ್ಲಿ ನೆನೆಯಿಸಿ, ನೆರಳಿನಲ್ಲಿ ಒಣಗಿಸಿದರೆ ಸಸಿಯು ನೀರಿನ ಕೊರತೆಯನ್ನು ತಾಳಿಕೊಳ್ಳುವುದೆಂಬುದು ಪರೀಕ್ಷಿತವಾದ ಉಪದೇಶ. ಇದನ್ನು ಮಾಡಬೇಕಾದ ಸ್ಥಳವು ಮನೆಯ ಅಂಗಳ. ಕಾಲವು ಕೂರಿಗೆ ಹೂಡುವುದಕ್ಕೆ ಮುಂಚಿನ ಒಂದೆರಡು ದಿನ. ಬೀಜವನ್ನು ಆರಿಸಿ, ಹಸನುಮಾಡಿ, ಕಾಪಿಡುವ ಕೈ ಸಾಮಾನ್ಯವಾಗಿ ಹೆಣ್ಣಿನದು. ಸಂದೇಶವು ಹೋಗುವುದು ಗಂಡಸಿನ ಮೊಬೈಲಿಗೆ. ಅವನು ಗುಳೆ ಹೋಗಿ ಗೋವೆಯಲ್ಲಿಯೋ ಪುಣೆಯಲ್ಲಿಯೋ ಇದ್ದರೆ, ನೋಂದಾಯಿತವಾದ ಸಂಖ್ಯೆಯೂ ಅವನ ಸಂಗಡವೇ ಗುಳೆ ಹೋಗಿರುತ್ತದೆ. ಬೀಜವು ಮನಗೂಳಿಯಲ್ಲಿ, ಉಪದೇಶವು ಗೋವೆಯಲ್ಲಿ. ಈ ವ್ಯಧಿಕರಣವನ್ನು ಎಷ್ಟು ಶಕ್ತವಾದ ಯಂತ್ರವೂ ತಾನಾಗಿ ಸರಿಪಡಿಸಲಾರದು. ಒಂದು ಹಿಡುವಳಿಗೆ ಎರಡು ಸಂಖ್ಯೆಗಳನ್ನು ಬರೆದುಕೊಳ್ಳುವ ಸರಳವಾದ ಏರ್ಪಾಡು ಸರಿಪಡಿಸಬಲ್ಲುದು.

ಇನ್ನು ಸಾಧನದ ವಿಚಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮಗಳಲ್ಲಿ ತಾವೇ ಬಳಸುವ ಮೊಬೈಲ್ ಉಳ್ಳ ಸ್ತ್ರೀಯರು ನೂರಕ್ಕೆ 46.6, ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ ಸ್ತ್ರೀಯರು 24.6, ಪುರುಷರು 48.7. ಇದಾದ ಮೇಲೆ ಮೊಬೈಲುಗಳು ಹೆಚ್ಚಿರುವುದು ನಿಜ. ಆದರೂ ಬರೆಹದ ಸಂದೇಶಕ್ಕಿಂತ ದನಿಯ ಸಂದೇಶವು, ದುಬಾರಿಯ ಮೊಬೈಲಿಗಿಂತ ಗುಂಡಿಯೊತ್ತುವ ಮೊಬೈಲು, ಒಬ್ಬಳ ಕಿವಿಗಿಂತ ಹತ್ತು ಮಂದಿಯ ಕೂಟವು ಹೆಚ್ಚು ಫಲಕಾರಿಯೆಂಬುದನ್ನು ಅನುಭವವು ತೋರಿಸಿದೆ. ಪುದುಚೇರಿಯ ಹಳ್ಳಿಗಳಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನವು 1998ರಿಂದ ನಡೆಸಿದ ಜ್ಞಾನಕೇಂದ್ರಗಳಲ್ಲಿ ಊರಿನ ಹೆಣ್ಣುಮಕ್ಕಳೇ ಗಣಕಯಂತ್ರದ ಮುಂದೆ ಕುಳಿತು ವರ್ತಮಾನಗಳನ್ನು ತಮಿಳಿಗೆ ತರುತ್ತಿದ್ದರು. ವೀರಾಂಪಟ್ಟಣದಲ್ಲಿ ಸಮುದ್ರದ ಅಲೆಗಳ ಎತ್ತರವನ್ನು ಧ್ವನಿವರ್ಧಕದಲ್ಲಿ ಸಾರುತ್ತಿದ್ದರು. ಅಂತರ್ಜಾಲದ ಮಾತನ್ನು ಮತ್ತೆ ಬೀದಿಯ ಮಾತನ್ನಾಗಿ ಮಾಡಿದುದು ಅಲ್ಲಿಯ ವಿಶೇಷ.

ಕರ್ನಾಟಕದಲ್ಲಿಯೇ ನಡೆದ ಒಂದು ಪ್ರಯೋಗವು ಇನ್ನೂ ಬೋಧಪ್ರದವಾಗಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರಿಕಿನ್ ಗಾಂಧಿಯವರು ಗ್ರೀನ್ ಪ್ರತಿಷ್ಠಾನದ ಸಹಕಾರದಿಂದ ‘ಡಿಜಿಟಲ್ ಗ್ರೀನ್’ ಎಂಬ ಕಾರ್ಯವನ್ನು ತೊಡಗಿದರು. ಹಳ್ಳಿಯ ರೈತರೇ ತಮ್ಮ ಹೊಲದಲ್ಲಿ ಮಾಡಿತೋರಿಸಿದುದನ್ನು ಚಿತ್ರಿಸಿ, ಸಂಜೆಯ ಹೊತ್ತು ನೆರೆಹೊರೆಯವರಿಗೆ ತೋರಿಸುವುದು. ಊರಿನವನೇ ಆದ ಒಬ್ಬ ಮಧ್ಯಸ್ಥನು ನಡುನಡುವೆ ಚಿತ್ರವನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು, ಸಂದೇಹಗಳನ್ನು ಬರೆದುಕೊಳ್ಳುವುದು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪರೀಕ್ಷೆಯಲ್ಲಿ, ಹಳೆಯ ಪದ್ಧತಿಗಿಂತ ಆರೇಳು ಪಟ್ಟು ಹೆಚ್ಚಾಗಿ ಕೆಲವು ಕ್ರಮಗಳು ಅಂಗೀಕೃತವಾದವೆಂದು ಆ ಸಂಶೋಧಕರು ವರದಿ ಮಾಡಿರುವರು. ಚಿತ್ರವನ್ನು ತೋರಿಸಿದ ಮಾತ್ರದಿಂದ ಈ ಫಲವು ಬರಲಿಲ್ಲ. ಪರಿಚಿತವಾದ ಮುಖವೂ ಪ್ರಶ್ನೆಗೆ ಅವಕಾಶವೂ ಇದ್ದುದರಿಂದ ಬಂದಿತು. ಮೂಲಗ್ರಂಥಕ್ಕೆ ವ್ಯಾಖ್ಯಾನಕಾರನು ಹೇಗೋ ಯಂತ್ರೋಪದೇಶಕ್ಕೆ ಈ ಮಧ್ಯಸ್ಥನು ಹಾಗೆ.

ಇಂಥ ವ್ಯಾಖ್ಯಾತ್ರಿಯರನ್ನು ಹಳ್ಳಿಗಳಲ್ಲಿ ನಿಲ್ಲಿಸುವ ಪ್ರಯತ್ನವು ಈಗ ನಡೆದಿದೆ. 2023ರ ಆಗಸ್ಟಿನಲ್ಲಿ ಕೇಂದ್ರದ ಕೃಷಿ ಮಂತ್ರಾಲಯವೂ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೂ ಮಾಡಿಕೊಂಡ ಒಪ್ಪಂದದಂತೆ, ಸ್ವಸಹಾಯ ಸಂಘಗಳ ಸದಸ್ಯೆಯರನ್ನು ಶಿಕ್ಷಿತರನ್ನಾಗಿ ಮಾಡಿ ‘ಕೃಷಿ ಸಖಿ’ಯರೆಂದು ಪ್ರಮಾಣೀಕರಿಸಲಾಗುತ್ತಿದೆ, ಮೊದಲನೆಯ ಹಂತದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಖಿಯೆಂಬ ಹೆಸರು ಉಚಿತವಾಗಿದೆ. ಆಲಂಕಾರಿಕರು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರು ಬಗೆಯಾಗಿ ವಿಂಗಡಿಸಿರುವರಷ್ಟೆ. ಇಲಾಖೆಯ ಸಂದೇಶವು ಪ್ರಭುಸಂಮಿತ. ಸಖಿಯ ಮಾತು ಸುಹೃತ್ಸಂಮಿತ. ಹೊಲದಲ್ಲಿ ನಡೆಯುವುದು ಎರಡನೆಯದೇ.

ಭಾಷೆಯ ವಿಚಾರವು ಈ ಪತ್ರಿಕೆಯ ವಾಚಕರಿಗೆ ವಿಶೇಷವಾಗಿ ಸಂಬಂಧಿಸಿದುದು. ಕೃಷಿಯ ಸಂದೇಶಗಳಲ್ಲಿ ‘ಪೋಷಕಾಂಶ ನಿರ್ವಹಣೆ’, ‘ಸಮಗ್ರ ಕೀಟ ನಿಯಂತ್ರಣ’ ಮುಂತಾದ ಸಮಾಸಗಳು ವಿಪುಲವಾಗಿವೆ. ಇವು ಕನ್ನಡವೆಂದು ಎಣಿಸಲ್ಪಟ್ಟರೂ ಜೋಳದ ಹೊಲದಲ್ಲಿ ಇಂಗ್ಲಿಷಿನಷ್ಟೇ ದೂರದವು. ಮನಗೂಳಿಯ ಕಡೆಯಲ್ಲಿ ಕಳೆಯನ್ನು ‘ಕಸ’ವೆನ್ನುವರು, ಗಿಡವನ್ನು ನೆಡುವುದಿಲ್ಲ, ‘ಹಚ್ಚು’ವರು, ಒಕ್ಕಣೆಯನ್ನು ‘ರಾಶಿ’ಯೆನ್ನುವರು, ಕುಂಟೆಯಿಂದ ‘ಹರಗು’ವರು. ಕಾಲವನ್ನು ತಾರೀಖಿನಿಂದ ಎಣಿಸದೆ ಹುಬ್ಬಿ, ಉತ್ತರಿ, ಹಸ್ತ, ಚಿತ್ತಿಯೆಂದು ಮಳೆಗಳ ನಕ್ಷತ್ರದಿಂದ ಎಣಿಸುವರು. ಸೆಪ್ಟೆಂಬರಿನ ಉತ್ತರಾರ್ಧದಲ್ಲಿ ಬಿತ್ತಿರೆಂದು ಹೇಳುವುದಕ್ಕೂ ಉತ್ತರಿಯ ಹದದಲ್ಲಿ ಬಿತ್ತಿರೆಂದು ಹೇಳುವುದಕ್ಕೂ ಅರ್ಥದಲ್ಲಿ ಭೇದವು ಸ್ವಲ್ಪ. ಶ್ರವಣದಲ್ಲಿ ಭೇದವು ಬಹಳ. ಮೋದಕದ ಕಥೆಯ ತಾತ್ಪರ್ಯವು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಕೆಲವು ಆಕ್ಷೇಪಗಳು

ಮನೆಯ ಗಂಡಸಿಗೆ ತಿಳಿಸಿದರೆ ಅವನು ಹೆಂಗಸರಿಗೆ ಹೇಳನೇ, ಬೇರೆಯ ಏರ್ಪಾಡೇಕೆ ಎಂಬುದು ಮೊದಲನೆಯ ಆಕ್ಷೇಪ. ಹೇಳಬಹುದು; ಆದರೆ ಅವನು ತನ್ನ ಕೆಲಸಕ್ಕೆ ಸಂಬಂಧಿಸಿದ ಮಾತನ್ನು ನೆನಪಿಡುವನು, ಅವಳ ಕೆಲಸದ ಮಾತನ್ನು ಮರೆಯುವನು. ಅದಲ್ಲದೆ ಅವಳಲ್ಲಿ ಹುಟ್ಟುವ ಪ್ರಶ್ನೆಯು ಹಿಂದಿರುಗಿ ಹೋಗುವ ದಾರಿಯೇ ಇಲ್ಲವಾಗುತ್ತದೆ. ಕಸ ತೆಗೆಯುವಾಗ ಬಗ್ಗಿ ನಡೆಯುವವಳಿಗೆ ತೊಗರಿಯ ಕಾಯಿಕೊರಕ ಹುಳವು ಮೊದಲು ಕಾಣುತ್ತದೆ. ಕಡಲೆಯ ಕುಡಿಯನ್ನು ಚಿವುಟಿದರೆ ಕವಲೊಡೆದು ಕಾಯಿ ಹೆಚ್ಚುವುದೆಂದು ಶಾಸ್ತ್ರಜ್ಞರು ಇಂದು ಉಪದೇಶಿಸುವರು. ಪಲ್ಯಕ್ಕೆಂದು ಸೊಪ್ಪು ಚಿವುಟುವ ಹೆಣ್ಣುಮಕ್ಕಳ ಕೈಗೆ ಅದು ರೂಢಿಯಾದ ಕೆಲಸ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸಂಘವು ಸಿರಿಧಾನ್ಯಗಳ ಬೀಜಗಳನ್ನು ಕಾಪಿಟ್ಟು ಹಂಚಿದುದಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯನ್ನು ಪಡೆಯಿತು. ಅಂಥವರು ಕೇಳುವವರು ಮಾತ್ರವಲ್ಲ, ಹೇಳತಕ್ಕವರೂ ಹೌದು. ಒಮ್ಮುಖವಾದ ಸಂದೇಶವು ಈ ಜ್ಞಾನವನ್ನು ಬರಿದೆ ಕಳೆಯುತ್ತದೆ.

ತರುಣರು ಮೊಬೈಲಿನಲ್ಲಿ ನಿಪುಣರಾದುದರಿಂದ ಅವರಿಗೆ ಕೊರತೆಯೇನು ಎಂಬುದು ಎರಡನೆಯ ಆಕ್ಷೇಪ. ಸಾಧನದ ನೈಪುಣ್ಯವು ಬೇರೆ, ಸಾಧ್ಯದ ಲಾಭವು ಬೇರೆ. ಕರ್ನಾಟಕದ ಬೆಳೆಸಮೀಕ್ಷೆಯಲ್ಲಿ ಊರಿನ ಯುವಕರೇ ಹೊಲಹೊಲಕ್ಕೆ ಹೋಗಿ ಬೆಳೆಯ ಚಿತ್ರಗಳನ್ನು ಮೊಬೈಲಿನಿಂದ ತೆಗೆದು ದಾಖಲಿಸುವರು. 2020ರಿಂದ ರೈತನು ತಾನೇ ದಾಖಲಿಸುವ ತಂತ್ರಾಂಶವೂ ಇದೆ. ಹೀಗೆ ಅನ್ಯರ ಹೊಲದ ವರ್ತಮಾನವನ್ನು ಮೇಲಕ್ಕೆ ಕಳುಹಿಸುವುದಕ್ಕೆ ತರುಣನು ಯೋಗ್ಯನಾದನು. ಆ ಚಿತ್ರವನ್ನು ನೋಡಿ ರೋಗವನ್ನು ನಿರ್ಣಯಿಸಿದ ಉತ್ತರವು ಅವನ ಕೈಗೇ ಹಿಂದಿರುಗಿ ಬಂದರೆ ಅವನು ಊರಿಗೆಲ್ಲ ಉಪಯುಕ್ತನಾಗುವನು. ಅಲ್ಲದೆ ದೊಡ್ಡ ದ್ರಾಕ್ಷಿತೋಟಕ್ಕೆ ಹೇಳಿದ ಮಾತು ಎರಡೆಕರೆಯ ಒಣಹೊಲಕ್ಕೆ ಸಲ್ಲದು. ಸಾಲದ ಭಯವುಳ್ಳವನಿಗೆ ಹೆಚ್ಚು ಇಳುವರಿಯ ಉಪಾಯಕ್ಕಿಂತ ಖರ್ಚು ಕಡಿಮೆಮಾಡುವ ಉಪಾಯವು ಮೊದಲು ಬೇಕು. ಲೀಟರ್ ನೀರಿಗೆ 50 ಗ್ರಾಂನಂತೆ ಬೇವಿನ ಬೀಜದ ಕಷಾಯವನ್ನು ಮನೆಯಲ್ಲಿಯೇ ತಯಾರಿಸುವುದು ಇದಕ್ಕೆ ನಿದರ್ಶನ.

ಕೃತಕ ಬುದ್ಧಿಯ ಯಂತ್ರವು ಯಾರು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರಿಸುವುದರಿಂದ ಈ ಚರ್ಚೆಯೇ ವ್ಯರ್ಥವೆಂಬುದು ಮೂರನೆಯ ಆಕ್ಷೇಪ. ಭಾರತೀಯ ಭಾಷೆಗಳಿಗಾಗಿ 2022ರಲ್ಲಿ ‘ಭಾಷಿಣಿ’ಯು ಆರಂಭವಾದುದು ಸ್ತುತ್ಯವೇ. ಆದರೆ ಯಂತ್ರವು ಕಲಿಯುವುದು ತನಗೆ ಉಣಿಸಿದ ಮಾತನ್ನು. ಹರಗುವುದು, ಹಚ್ಚುವುದು, ರಾಶಿ ಎಂಬ ಶಬ್ದಗಳೂ, ಮುದುಕಿಯ ಉಚ್ಚಾರಣೆಯೂ ಅದಕ್ಕೆ ಉಣಿಸಲ್ಪಡದಿದ್ದರೆ ಅದು ಸಾತವಾಹನನಂತೆ ಬೇರೊಂದನ್ನೇ ತಂದಿಡುವುದು. ಔಷಧದ ಪ್ರಮಾಣದಲ್ಲಿ ಯಂತ್ರವು ತಪ್ಪಿದರೆ ಐವತ್ತು ಎಕರೆಯವನು ಒಂದು ಮೂಲೆಯನ್ನು ಕಳೆದುಕೊಂಡಾನು. ಎರಡೆಕರೆಯವಳು ವರ್ಷದ ಅನ್ನವನ್ನೇ ಕಳೆದುಕೊಳ್ಳುವಳು. ಆದುದರಿಂದ ಯಂತ್ರದ ಉತ್ತರವನ್ನು ಪರಿಶೀಲಿಸುವ ಕೃಷಿ ವಿಜ್ಞಾನಿಯೂ, ತಪ್ಪಿದಾಗ ಹೊಣೆ ಹೊರುವ ಸಂಸ್ಥೆಯೂ ಹಿಂದೆ ಇರಲೇಬೇಕು. ಸರಳತೆಯಲ್ಲಿಯೂ ಸಿದ್ಧಿಯುಂಟೆಂಬುದನ್ನು ಮರೆಯಬಾರದು. 2016ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯು ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದ 175 ರೈತರಿಗೆ ಶೇಂಗಾ ಬಿತ್ತುವ ಹೊತ್ತನ್ನು ತೆಲುಗಿನ ಸಣ್ಣ ಸಂದೇಶದಿಂದ ತಿಳಿಸಿತು. ಇಳುವರಿಯು ನೂರಕ್ಕೆ 30ರಷ್ಟು ಹೆಚ್ಚಿತೆಂದು ವರದಿಯಾಗಿದೆ. ಅಲ್ಲಿ ಗಣನೆಯು ಯಂತ್ರದ್ದಾದರೂ ರೈತನ ಕೈಯಲ್ಲಿ ಇದ್ದುದು ಸಾಮಾನ್ಯವಾದ ಮೊಬೈಲು. ಮರುವರ್ಷ ಆ ಕಾರ್ಯವು ಕರ್ನಾಟಕಕ್ಕೂ ವಿಸ್ತರಿಸಿತು.

ಪ್ರಯೋಜನ

ಉಪದೇಶದ ಪ್ರಯೋಜನವನ್ನು ಕಳುಹಿಸಿದ ಸಂದೇಶಗಳ ಲಕ್ಷಸಂಖ್ಯೆಯಿಂದ ಅಳೆಯುವ ವಾಡಿಕೆಯುಂಟು. ಇದು ಪಾಠ ಹೇಳಿದ ಗಂಟೆಗಳನ್ನು ಎಣಿಸಿ ಶಿಷ್ಯನನ್ನು ಪಂಡಿತನೆಂದು ಕರೆದಂತೆ. ಅಳೆಯಬೇಕಾದುದು, ಎಷ್ಟು ಹೊಲಗಳಲ್ಲಿ ಆ ಕ್ರಮವು ಆಚರಣೆಗೆ ಬಂದಿತು, ಅವುಗಳಲ್ಲಿ ಹೆಣ್ಣುಮಕ್ಕಳು ನಡೆಸುವ ಹೊಲಗಳೆಷ್ಟು, ತರುಣರು ನಡೆಸುವವೆಷ್ಟು, ಯಾರ ಪ್ರಶ್ನೆಗೆ ಎಷ್ಟು ದಿನದಲ್ಲಿ ಉತ್ತರ ಬಂದಿತು ಎಂಬುದನ್ನು. ಹೀಗೆ ವಿಂಗಡಿಸಿ ಎಣಿಸದಿರುವ ತನಕ ಅಧಿಕಾರಿದೋಷವು ಗೋಚರವಾಗಲಾರದು.

ಮೇಲಿನ ವಿಚಾರದಿಂದ ಮನಗೂಳಿಯಂಥ ಊರಿಗೆ ಅನ್ವಯಿಸುವ ಕೆಲವು ಕಾರ್ಯಗಳು ಸಿದ್ಧವಾಗುತ್ತವೆ. ಉತಾರದ ಪಟ್ಟಿಯ ಪಕ್ಕದಲ್ಲಿ, ಹೊಲವನ್ನು ನಿಜವಾಗಿ ನಡೆಸುವವರ ಪಟ್ಟಿಯೊಂದಿರಬೇಕು. ಅದರಲ್ಲಿ ಹೆಸರು ಸೇರಿದ ಮಾತ್ರದಿಂದ ಭೂಮಿಯ ಹಕ್ಕು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲವೆಂದು ಸ್ಪಷ್ಟಪಡಿಸಿದರೆ ಮಾಲೀಕನ ಭಯವೂ ಲಾವಣಿದಾರನ ಭಯವೂ ತೀರುವುದು. ಸಂದೇಶವು ದನಿಯಾಗಿ, ಹೆಣ್ಣಿನ ದನಿಯಲ್ಲಿಯೂ, ರೊಟ್ಟಿಯ ಕೆಲಸವೂ ಹೊಲದ ಕೆಲಸವೂ ಇಲ್ಲದ ಹೊತ್ತಿನಲ್ಲಿ ಬರಬೇಕು. ತಪ್ಪಿಸಿಕೊಂಡವರು ಮತ್ತೆ ಕರೆಮಾಡಿ ಕೇಳುವಂತಿರಬೇಕು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಕೃಷಿ ಸಖಿಯು ಅದನ್ನು ಎಲ್ಲರಿಗೂ ಕೇಳಿಸಿ ವ್ಯಾಖ್ಯಾನಿಸಬೇಕು. ಬೆಳೆಸಮೀಕ್ಷೆಗೆ ದುಡಿಯುವ ತರುಣನನ್ನು ಉತ್ತರವನ್ನು ತರುವವನನ್ನಾಗಿಯೂ ನಿಯಮಿಸಿ, ಆ ಕೆಲಸಕ್ಕೆ ಸಂಬಳವನ್ನು ಕೊಡಬೇಕು.

ಇವುಗಳಲ್ಲಿ ವಿದ್ವಾಂಸರ ಪಾಲಿನ ಕಾರ್ಯವೂ ಒಂದಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಕೃಷಿಶಬ್ದಗಳನ್ನು ಹೊಲಹೊಲದಲ್ಲಿ ಕೇಳಿ, ದನಿಸಹಿತವಾಗಿ ಸಂಗ್ರಹಿಸಿ, ಅರ್ಥ ಪ್ರಯೋಗಗಳೊಡನೆ ಕೋಶವನ್ನು ರಚಿಸುವುದು. ಸಾಹಿತ್ಯದ ಅಧ್ಯಾಪಕರೂ ಅವರ ವಿದ್ಯಾರ್ಥಿಗಳೂ ತಮ್ಮತಮ್ಮ ಮನೆಯ ಅಜ್ಜಿಯರಿಂದಲೇ ಇದನ್ನು ತೊಡಗಬಹುದು. ಇದುವರೆಗೆ ಇಂಥ ಕೋಶವು ಭಾಷಾಶಾಸ್ತ್ರದ ಅಲಂಕಾರವೆಂದು ಎಣಿಸಲ್ಪಟ್ಟಿತ್ತು. ಈಗ ಅದು ಬಿತ್ತನೆಯ ಬೀಜದಷ್ಟೇ ಆವಶ್ಯಕವಾಗಿದೆ. ಏಕೆಂದರೆ ಮುಂದೆ ಯಂತ್ರಗಳು ಆಡಲಿರುವ ಕನ್ನಡವು ಇಂದು ಅವುಗಳಿಗೆ ಒದಗಿಸಲ್ಪಡುವ ಕನ್ನಡವೇ. ಅದರಲ್ಲಿ ಎರೆಹೊಲದ ಹೆಣ್ಣುಮಗಳ ಮಾತು ಇಲ್ಲವಾದರೆ, ಅವಳು ಕೇಳಿದ ಪ್ರಶ್ನೆಗೆ ಅರ್ಥವೂ ಇಲ್ಲವಾಗುವುದು.

ವಿಷಯವು ಸಿದ್ಧವಾಗಿದೆ, ಸಾಧನವು ಸುಲಭವಾಗಿದೆ. ಅಧಿಕಾರಿಯನ್ನು ದುಡಿಮೆಯಿಂದ ಗುರುತಿಸಿ, ಅವಳ ಮತ್ತು ಅವನ ನುಡಿಯಲ್ಲಿ ಸಂಬಂಧವನ್ನು ಕಟ್ಟಿದರೆ ಪ್ರಯೋಜನವು ತಾನಾಗಿ ಒದಗುವುದು. ಇತ್ಯಲಂ ವಿಸ್ತರೇಣ.